ಶಹಾಪುರದ ಮಾಳಿಗಿಯಿಂದ ಪಕ್ಕದ ಸೂರ್ಯ

ಮೇ ಕೊನೆಯ ವಾರ, ರಾತ್ರಿ 10.30ಕ್ಕೆ ಯಾದಗಿರಿ, ಶಹಾಪುರ, ಸುರಪುರ ಎಲ್ಲೇ ಇದ್ರೂ ಮಾಳಿಗಿ ಹತ್ತಿ ದಕ್ಷಿಣಕ್ಕೆ ನೋಡ್ರಿ. ಗುಡ್ಡ ಅಡ್ಡ ಇರದಿದ್ರೆ, ಕೆಳಗೆ ಎರಡು ದೊಡ್ಡ ಚುಕ್ಕಿ ಕಾಣ್ತಾವ. ಎಡಗಡೆದು ಆಲ್ಫಾ ಸೆಂಟಾರಿ. ಅದರ ಹತ್ತಿರಾನೇ ಕಣ್ಣಿಗೆ ಕಾಣದ ಕೆಂಪು ಕುಬ್ಜ ಪ್ರಾಕ್ಸಿಮಾ ಅದ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಸಮೀಪದ ನಕ್ಷತ್ರ ಇದೇ, ದೂರ 4.24 ಜ್ಯೋತಿರ್ವರ್ಷ.

2016ರಲ್ಲಿ ಅದರ ಸುತ್ತ ಗ್ರಹವೊಂದು ಪತ್ತೆಯಾಯ್ತು. ಅಲ್ಲಿ ಒಂದು ವರ್ಷ ಅಂದ್ರೆ ನಮ್ಮ 11 ದಿನ! ವಾಟ್ಸಾಪ್‌ನಾಗ ‘ಎರಡನೇ ಭೂಮಿ’ ಅಂತ ಬಂದ್ರೆ ಹಂಗೇ ಫಾರ್ವರ್ಡ್ ಮಾಡಬ್ಯಾಡ್ರಿ. ನೀರು ನೀರಾಗಿಯೇ ಉಳಿಯಬಹುದಾದ ದೂರದಲ್ಲಿ ಅದು ಸುತ್ತುತ್ತದೆ, ಅಷ್ಟೇ. ಅಲ್ಲಿ ನೀರನ್ನು ಯಾರೂ ಕಂಡಿಲ್ಲ. ಆ ಪುಟ್ಟ ನಕ್ಷತ್ರ ಪದೇ ಪದೇ ಸಿಡಿದು ಕಾರುವ ವಿಕಿರಣ ಗ್ರಹದ ಗಾಳಿಯನ್ನೇ ಹಾರಿಸಿರಬಹುದು. ಬ್ಯಾಸಿಗ್ಯಾಗ ನಾವು ಬೈಯೋ ಸೂರ್ಯ ಅದಕ್ಕಿಂತ ಎಷ್ಟೋ ಶಾಂತ ರೀ!