ಬೆಳಕಿಗೆ ಮಿಡಿಯುವ ಪಾಲಿಮರ್ ಪೊರೆ



ಕಣ್ಣು ಕುರುಡಾದ ಮಾತ್ರಕ್ಕೆ ಅದರ ನರವ್ಯವಸ್ಥೆಯೆಲ್ಲವೂ ಅಳಿಯಿತೆಂದು ಭಾವಿಸಲಾಗದು. ಇರುಳುಗಣ್ಣಿನಿಂದ ಆರಂಭವಾಗಿ ಕ್ರಮೇಣ ದೃಷ್ಟಿಯನ್ನೇ ಕಸಿಯುವ ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಆನುವಂಶಿಕ ವ್ಯಾಧಿಯಲ್ಲಿ, ಅಕ್ಷಿಪಟಲದ ಬೆಳಕು ಗ್ರಹಿಸುವ ಕೋಶಗಳು ನಶಿಸಿದರೂ ಮುಂದಿನ ಹಂತದ ಅನೇಕ ನರಕೋಶಗಳು ಬಹುಕಾಲ ಉಳಿದಿರುತ್ತವೆ. ಅವುಗಳಿಗೆ ಸಂದೇಶ ನೀಡುವವರಿಲ್ಲ, ಅಷ್ಟೆ.

ಈ ಕೊರತೆಯನ್ನು ತುಂಬುವ ದಿಸೆಯಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರೊ. ಕೆ. ಎಸ್. ನಾರಾಯಣ್ ಮತ್ತು ಅವರ ಸಂಗಡಿಗರು ಅರೆವಾಹಕ ಪಾಲಿಮರ್‌ಗಳನ್ನು ಪರೀಕ್ಷಿಸಿದರು. ಇವು ಸೌರಕೋಶಗಳಲ್ಲಿ ಬಳಸುವ ಜಾತಿಯ ವಸ್ತುಗಳೇ. ಆದರೆ ಸೌರಕೋಶದಿಂದ ನಾವು ಬಯಸುವ ಸತತ ವಿದ್ಯುತ್ ಪ್ರವಾಹವೇ ಕಣ್ಣಿನೊಳಗೆ ಅಪಾಯಕರ. ಒಂದೇ ದಿಕ್ಕಿನ ಪ್ರವಾಹವು ಅಲ್ಲಿನ ಲವಣಯುಕ್ತ ದ್ರವದಲ್ಲಿ ರಾಸಾಯನಿಕ ಕ್ರಿಯೆಗಳನ್ನು ಪ್ರಚೋದಿಸಿ ಕೋಶಗಳಿಗೆ ಹಾನಿಮಾಡಬಲ್ಲದು. ಈ ಪೊರೆಯ ವರ್ತನೆ ಬೇರೆ. ಬೆಳಕು ಬಿದ್ದೊಡನೆ ಅದರಲ್ಲಿ ಧನ, ಋಣ ವಿದ್ಯುದಾವೇಶಗಳು ಬೇರ್ಪಟ್ಟು, ಒಂದು ಬಗೆಯವು ದ್ರವಕ್ಕೆ ತಾಗಿದ ಮೇಲ್ಮೈಯಲ್ಲಿ ಶೇಖರಗೊಳ್ಳುತ್ತವೆ. ಅವುಗಳಿಗೆ ಎದುರಾಗಿ ದ್ರವದ ಅಯಾನುಗಳು ಸರಿಯುತ್ತವೆ. ಕ್ಷಣಕಾಲ ಮಿಡಿತವೊಂದು ಹುಟ್ಟಿ ಅಡಗುತ್ತದೆ. ಬೆಳಕು ಆರಿದಾಗ ವಿರುದ್ಧ ದಿಕ್ಕಿನಲ್ಲಿ ಮತ್ತೊಂದು. ತಂತಿಯೂ ಬೇಡ, ಬ್ಯಾಟರಿಯೂ ಬೇಡ!

ಟೆಲ್ ಅವೀವ್ ವಿಶ್ವವಿದ್ಯಾಲಯದ ವಿಜ್ಞಾನಿಗಳೊಡಗೂಡಿ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೆಳಕನ್ನು ಗ್ರಹಿಸುವ ಶಕ್ತಿ ಇನ್ನೂ ಮೂಡದ ಕೋಳಿಭ್ರೂಣದ ಅಕ್ಷಿಪಟಲವನ್ನು ಇಂತಹ ಪೊರೆಯ ಮೇಲಿರಿಸಲಾಯಿತು. ಬೆಳಕು ಹಾಯಿಸಿದಾಗ ಅದರ ನರಕೋಶಗಳು ಮಿಡಿದವು.

ಮಿಡಿತವೆಂದರೆ ದೃಷ್ಟಿಯಲ್ಲ. ಮಾನವನ ದೃಷ್ಟಿನರದಲ್ಲಿ ಸುಮಾರು 10 ಲಕ್ಷ ತಂತುಗಳಿವೆ. ಅಮೆರಿಕದಲ್ಲಿ 2013ರಲ್ಲಿ ಅನುಮತಿ ಪಡೆದ ಆರ್ಗಸ್-2 ಸಾಧನದಲ್ಲಿದ್ದುದು 60 ವಿದ್ಯುದಗ್ರಗಳು. ಕನ್ನಡಕದ ಮೇಲಿನ ಕ್ಯಾಮೆರಾದ ನೆರವಿನಿಂದ ಅದು ಬಾಗಿಲು, ಕಿಟಕಿಗಳ ಸ್ಥೂಲ ಆಕಾರವನ್ನಷ್ಟೇ ತೋರುತ್ತಿತ್ತು. 2019ರಲ್ಲಿ ಅದರ ತಯಾರಿಕೆ ನಿಂತಿತು. ಪಾಲಿಮರ್ ಪೊರೆಯಾದರೋ ಕಣ್ಣಿನ ತೇವದಲ್ಲಿ ವರ್ಷಗಟ್ಟಲೆ ಕೆಡದೆ ಬಾಳಬೇಕು. ದಿನದ ಸಾಮಾನ್ಯ ಬೆಳಕಿನಲ್ಲಿಯೂ ನರಕೋಶವನ್ನು ಎಚ್ಚರಿಸುವಷ್ಟು ಮಿಡಿಯಬೇಕು.