ಸ್ಥಳೀಯ ಸಂಸ್ಥೆಗಳು ಮತ್ತು ವಿದ್ಯುತ್ತಿನ ಲೆಕ್ಕ

(ಸಂಘದ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಾಹಿತ್ಯ, ಯಕ್ಷಗಾನಗಳ ಮಾತು ಕೇಳಿ ಅಭ್ಯಾಸವಾದ ಈ ಸಭಾಂಗಣದಲ್ಲಿ ಪಂಪು, ಬೀದಿದೀಪಗಳ ವಿಷಯ ಎತ್ತಿದರೆ ಎಷ್ಟು ಮಂದಿ ಎದ್ದು ಹೋಗುತ್ತಾರೋ ಎಂಬ ಅಳುಕು ನನಗಿತ್ತು. ಕಾರ್ಯದರ್ಶಿಗಳು ಬಿಡಲಿಲ್ಲ. ಮೂರು ದಶಕ ಕಡತಗಳ ನಡುವೆ ಕಳೆದವನ ಮಾತು ಶುಷ್ಕವೆನಿಸಿದರೆ ಕ್ಷಮಿಸಬೇಕು. ಇಲ್ಲಿ ಆಡುವುದು ನನ್ನ ಸ್ವಂತ ಅಭಿಪ್ರಾಯ, ಇಲಾಖೆಯದಲ್ಲ.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು ಪಂಚಾಯತಿಗಳಿಗೂ ಪುರಸಭೆಗಳಿಗೂ ವಹಿಸಬಹುದಾದ ಕೆಲಸಗಳ ಪಟ್ಟಿಯೊಂದನ್ನು ಕೊಟ್ಟವು. ಹನ್ನೊಂದನೆಯ ಅನುಸೂಚಿಯಲ್ಲಿ ಕುಡಿಯುವ ನೀರಿದೆ, ಗ್ರಾಮೀಣ ವಿದ್ಯುದೀಕರಣವಿದೆ, ಅಸಾಂಪ್ರದಾಯಿಕ ಇಂಧನವೂ ಇದೆ. ಹನ್ನೆರಡನೆಯದರಲ್ಲಿ ನೀರು ಸರಬರಾಜು, ಬೀದಿದೀಪ. ಪಟ್ಟಿ ಉದಾರವಾದದ್ದೇ. ಆದರೆ ವಿದ್ಯುತ್ತಿನ ದರ, ಖರೀದಿ, ಹಂಚಿಕೆ ಯಾವುದೂ ಊರಿನ ಕೈಯಲ್ಲಿಲ್ಲ. ಊರಿಗೆ ಉಳಿದದ್ದು ಬಿಲ್ಲು.

ಆ ಬಿಲ್ಲಿನಲ್ಲಿ ದೊಡ್ಡ ಪಾಲು ನೀರೆತ್ತುವುದಕ್ಕೆ ಹೋಗುತ್ತದೆ. 1905ರಲ್ಲೇ ಬೀದಿಗೆ ವಿದ್ಯುದ್ದೀಪ ಕಂಡ ಬೆಂಗಳೂರನ್ನೇ ನೋಡಿ. ಕಾವೇರಿ ನೀರು ಸುಮಾರು 100 ಕಿಲೋಮೀಟರು ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಹಂತವಾಗಿ, ಹೆಚ್ಚುಕಡಿಮೆ 500 ಮೀಟರು ಮೇಲೇರಿ ಬರಬೇಕು. ಸಾವಿರ ಲೀಟರನ್ನು ಅಷ್ಟು ಎತ್ತಲು ಭೌತಶಾಸ್ತ್ರವೇ 1.36 ಯೂನಿಟ್ ಕೇಳುತ್ತದೆ; ಪಂಪು, ಮೋಟರುಗಳ ನಷ್ಟ ಕೂಡಿದರೆ ಎರಡು ಯೂನಿಟ್ಟಿನ ಸಮೀಪ. ಅಲ್ಲಿ ನಲ್ಲಿಯ ಸೋರಿಕೆಯೆಂದರೆ ವಿದ್ಯುತ್ತಿನ ಸೋರಿಕೆಯೇ.

ಸಣ್ಣ ಊರಿನ ಕಥೆ ಬೇರೆ. ಕೆಲವು ವರ್ಷಗಳ ಹಿಂದೆ ಬಯಲುಸೀಮೆಯ ಒಂದು ಪುರಸಭೆಗೆ ಪ್ರವಾಸ ಹೋಗಿದ್ದೆ, ಹೆಸರು ಬೇಡ. ಮುಖ್ಯಾಧಿಕಾರಿಗಳ ಮೇಜಿನ ಮೇಲೆ ಇಂಧನ ತಪಾಸಣೆಯ ದಪ್ಪ ಇಂಗ್ಲಿಷ್ ವರದಿ ಇತ್ತು. ಹಾಳೆ ಮಗುಚಿದ ಗುರುತಿರಲಿಲ್ಲ. ಪಂಪುಮನೆಗೆ ಹೋದರೆ ನೀರುಗಂಟಿ ವಾಲ್ವನ್ನು ಅರ್ಧ ಮುಚ್ಚಿ ಪಂಪು ಓಡಿಸುತ್ತಿದ್ದರು. ಕಾರಣ ಕೇಳಿದೆ. "ಪೂರ್ತಿ ಬಿಟ್ರೆ ಮೋಟ್ರು ಸುಟ್ಟೋಗುತ್ತೆ ಸ್ವಾಮಿ. ಈ ಪಂಪು ಈ ಊರಿಗೆ ದೊಡ್ಡದಾಯ್ತು," ಎಂದರು. ವರದಿಯ ಮುಖ್ಯ ನಿರ್ಣಯವೂ ಅದೇ! ಅಗತ್ಯಕ್ಕಿಂತ ಹೆಚ್ಚು ಎತ್ತರಕ್ಕೆ ನೂಕಬಲ್ಲ ಪಂಪನ್ನು ಕೊಂಡು, ಆ ಹೆಚ್ಚಿನ ಶಕ್ತಿಯನ್ನು ವರ್ಷಗಟ್ಟಲೆ ವಾಲ್ವಿನಲ್ಲಿ ಕೊಲ್ಲುತ್ತಿದ್ದರು. ಇಂಪೆಲ್ಲರನ್ನು ಲೇತಿನಲ್ಲಿ ತುಸು ಸವೆಸಿದ್ದರೂ ಬಹುಪಾಲು ಉಳಿಯುತ್ತಿತ್ತು. ತಿಳಿದಿದ್ದವರಿಗೆ ವರದಿ ಓದಲು ಬಾರದು, ಓದಬಲ್ಲವರು ಪಂಪುಮನೆಗೆ ಹೋಗರು.

ಇದನ್ನು ಮುಖ್ಯಾಧಿಕಾರಿಗಳಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಉಳಿದ ಹಣ ನಮಗೆ ಬರುತ್ತದೆಯೆ, ಸಾರ್?" ಅವರ ವಿದ್ಯುತ್ ಬಾಕಿಯನ್ನು ಅನುದಾನದಲ್ಲಿ ಮೇಲೆಯೇ ಮುರಿದುಕೊಳ್ಳುತ್ತಿದ್ದರು. ಬಿಲ್ಲು ತಗ್ಗಿದರೆ ಮುಂದಿನ ವರ್ಷ ಅನುದಾನವೂ ತಗ್ಗುವುದೆಂಬ ಭಯ ಅವರಿಗೆ. ನಾನು ಸುಮ್ಮನಾದೆ.

ಬೀದಿದೀಪದ ವಿಷಯ ಸುಲಭ. 150 ವಾಟ್ ಸೋಡಿಯಂ ದೀಪ ಚೋಕು ಸೇರಿ 170ರಷ್ಟು ಎಳೆಯುತ್ತದೆ; ಅದರ ಜಾಗದಲ್ಲಿ 70 ವಾಟಿನ ಎಲ್‌ಇಡಿ ಸಾಕು. ವರ್ಷಕ್ಕೆ ನಾಲ್ಕು ಸಾವಿರ ಗಂಟೆ ಉರಿದರೆ ಕಂಬವೊಂದಕ್ಕೆ 400 ಯೂನಿಟ್ ಉಳಿತಾಯ. 2015ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸರ್ಕಾರಿ ಸ್ವಾಮ್ಯದ ಇಇಎಸ್‌ಎಲ್ ಸಂಸ್ಥೆ ತಾನೇ ಮೊದಲು ಬಂಡವಾಳ ಹೂಡಿ, ಉಳಿತಾಯದಿಂದ ವಸೂಲು ಮಾಡುವ ಏರ್ಪಾಡಿನಲ್ಲಿ 1.3 ಕೋಟಿಗೂ ಮಿಕ್ಕಿ ದೀಪಗಳನ್ನು ಬದಲಿಸಿತು. ಸಾಧನೆಯೇ ಸರಿ. ಆದರೆ ಖರೀದಿ, ನಿರ್ವಹಣೆಗಳೆರಡೂ ಹೊರಗಿನ ಗುತ್ತಿಗೆಗೆ ಹೋದ ಊರಿನಲ್ಲಿ ದೀಪ ಕೆಟ್ಟರೆ ಬೈಗಳು ಮಾತ್ರ ವಾರ್ಡಿನ ಸದಸ್ಯರಿಗೆ.

ತಾವೇ ನಿರ್ಧರಿಸಿದವರೂ ಇದ್ದಾರೆ. ಕೊಯಮತ್ತೂರು ಜಿಲ್ಲೆಯ ಮೇಟ್ಟುಪಾಳ್ಯದ ಬಳಿಯ ಓಡಂತುರೈ ಎಂಬ ಗ್ರಾಮ ಪಂಚಾಯತಿ ತನ್ನ ಉಳಿತಾಯಕ್ಕೆ ಬ್ಯಾಂಕ್ ಸಾಲ ಸೇರಿಸಿ 2006ರಲ್ಲಿ 350 ಕಿಲೋವಾಟಿನ ಗಾಳಿಯಂತ್ರ ಹಾಕಿಸಿತು. ಯಂತ್ರ ನಿಂತದ್ದು ಊರಿನಲ್ಲಲ್ಲ, ಗಾಳಿ ಚೆನ್ನಾಗಿ ಬೀಸುವ ಬೇರೆಡೆ. ತನ್ನ ಬಳಕೆ ಕಳೆದು ಮಿಕ್ಕ ವಿದ್ಯುತ್ತನ್ನು ರಾಜ್ಯದ ಜಾಲಕ್ಕೆ ಮಾರಿತು. ಇಂದೋರ್ ನಗರಪಾಲಿಕೆ ನರ್ಮದೆಯ ನೀರನ್ನು ಸುಮಾರು 70 ಕಿಲೋಮೀಟರು ದೂರದ ಜಲೂದಿನಿಂದ ಎತ್ತಿ ತರುವ ಖರ್ಚಿಗೆ ಬೇಸತ್ತು, 60 ಮೆಗಾವಾಟ್ ಸೌರ ಸ್ಥಾವರಕ್ಕಾಗಿ 2023ರ ಫೆಬ್ರವರಿಯಲ್ಲಿ ಹಸಿರು ಬಾಂಡ್ ಹೊರಡಿಸಿ 244 ಕೋಟಿ ರೂಪಾಯಿ ಎತ್ತಿತು. ಸಾಮಾನ್ಯ ನಾಗರಿಕರೂ ಕೊಂಡರು. ಎರಡೂ ಕಡೆ ಉಳಿತಾಯ ಯಾರದೆಂಬ ಗೊಂದಲವಿರಲಿಲ್ಲ.

ನಮ್ಮ ಪುರಸಭೆಗಳಿಗೂ ಕನಿಷ್ಠ ಐದು ವರ್ಷ ಉಳಿತಾಯವನ್ನು ಅವುಗಳಿಗೇ ಬಿಡುವ ಆಜ್ಞೆ ಬೇಕು. ಅದು ಬೆಂಗಳೂರಿನಲ್ಲಿ ಆಗಬೇಕಾದ ಕೆಲಸ. ನಮ್ಮಿಂದಾಗುವುದು ಇನ್ನೊಂದಿದೆ. ಯಂತ್ರಶಾಸ್ತ್ರ ಬಲ್ಲವರು ಈ ಸಭೆಯಲ್ಲೇ ಎಂಟು ಹತ್ತು ಮಂದಿ ಇದ್ದೀರಿ. ಪಂಪುಮನೆಯ ಗೋಡೆಗೆ ಅಂಟಿಸುವಂಥ ಒಂದು ಪುಟದ ಕನ್ನಡ ಕೈಪಿಡಿ ಬರೆಯಲು ಮುಂದಿನ ಭಾನುವಾರ ಸೇರಬಹುದೆ? ವಾಲ್ವಿನಿಂದಲೇ ಆರಂಭಿಸೋಣ.