ದೂರದ ತೀರ್ಪು, ನಮ್ಮ ಶಾಲೆಯ ಬಾಗಿಲು
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಕೋರ್ಟು ಎಂದರೆ ನಮ್ಮಲ್ಲಿ ಅನೇಕರಿಗೆ ಜಮೀನಿನ ತಕರಾರು, ವಾಯಿದೆ, ವಕೀಲರ ಫೀಸು ಇಷ್ಟೇ ನೆನಪಾಗುತ್ತದೆ. ಆದರೆ ದೆಹಲಿಯಲ್ಲಿ ಯಾರದೋ ಮೊಕದ್ದಮೆಯಲ್ಲಿ ಬಂದ ತೀರ್ಪು ನಮ್ಮ ಮಗುವಿನ ದಾಖಲಾತಿಯನ್ನೂ ಮುಟ್ಟುತ್ತದೆ. ಸುಪ್ರೀಂ ಕೋರ್ಟು ಸಾರಿದ ಕಾನೂನು ದೇಶದ ಎಲ್ಲ ನ್ಯಾಯಾಲಯಗಳನ್ನೂ ಬಂಧಿಸುತ್ತದೆ ಎಂದು ಸಂವಿಧಾನದ 141ನೇ ವಿಧಿ ಹೇಳುತ್ತದೆ.

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ನೋಡೋಣ. ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000ದವರೆಗೆ, ಹೊರ ರಾಜ್ಯದವರಿಗೆ 60,000ದವರೆಗೆ ಶುಲ್ಕವೆಂದು 1989ರಲ್ಲಿ ಸರ್ಕಾರ ಅಧಿಸೂಚನೆ ಹೊರಡಿಸಿತ್ತು. ತುಮಕೂರಿನ ಕಾಲೇಜೊಂದರಲ್ಲಿ ಸೀಟು ಬಯಸಿದ್ದ ಉತ್ತರ ಪ್ರದೇಶದ ಮೋಹಿನಿ ಜೈನ್ ಇದನ್ನು ಪ್ರಶ್ನಿಸಿದರು. ಶಿಕ್ಷಣ ಒಂದು ಹಕ್ಕು, ಕ್ಯಾಪಿಟೇಷನ್ ಶುಲ್ಕ ಸಂವಿಧಾನಕ್ಕೆ ವಿರುದ್ಧ ಎಂದು 1992ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮೊಕದ್ದಮೆ ಗೆದ್ದರೂ ಆಕೆಗೆ ಮಾತ್ರ ಸೀಟು ಸಿಗಲಿಲ್ಲ. ಫಲ ಸಿಕ್ಕಿದ್ದು ನಂತರ ಬಂದವರಿಗೆ.

1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಈ ಹಕ್ಕಿಗೆ ಮಿತಿ ಹಾಕಿತು. 14 ವರ್ಷದವರೆಗೆ ಶಿಕ್ಷಣ ಮೂಲಭೂತ ಹಕ್ಕು, ಆ ಬಳಿಕ ಅದು ಸರ್ಕಾರದ ಆರ್ಥಿಕ ಶಕ್ತಿಗೆ ಒಳಪಟ್ಟದ್ದು ಎಂದಿತು. 2002ರ 86ನೇ ತಿದ್ದುಪಡಿ ಈ ಹಕ್ಕನ್ನು 6ರಿಂದ 14 ವರ್ಷದ ಮಕ್ಕಳಿಗೆ ಸಂವಿಧಾನದಲ್ಲೇ ಬರೆಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು.

ಇದರಿಂದ ಏನಾಯಿತು? ಜನನ ಪತ್ರವಿಲ್ಲವೆಂದು ಮಗುವನ್ನು ಹಿಂದಕ್ಕೆ ಕಳುಹಿಸುವಂತಿಲ್ಲ. ದಾಖಲಾತಿಗೆ ಮಗುವಿಗಾಗಲಿ ತಂದೆತಾಯಿಗಾಗಲಿ ಪರೀಕ್ಷೆ ಮಾಡುವಂತಿಲ್ಲ. ಮುಖ್ಯೋಪಾಧ್ಯಾಯರ ಮೇಜಿನ ಮುಂದೆ ಕೈಕಟ್ಟಿ ಬೇಡುತ್ತಿದ್ದ ಕೂಲಿಯವರು ಇಂದು ಕಾಯ್ದೆಯ ಹೆಸರು ಹೇಳಿ ಕೇಳಬಹುದು. ಎಷ್ಟೋ ತಕರಾರುಗಳು ಕೋರ್ಟಿನ ಮೆಟ್ಟಿಲು ಹತ್ತದೆ ಶಾಲೆಯಲ್ಲೇ, ಬಿಇಒ ಕಚೇರಿಯಲ್ಲೇ ಮುಗಿಯಬಲ್ಲವು.

ಈಗ ನಮಗೇ ಸಂಬಂಧಪಟ್ಟ ಮಾತು. ಈ ಕಾಯ್ದೆ ಅನುದಾನಿತವಾಗಲಿ, ಅನುದಾನರಹಿತವಾಗಲಿ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದು ಎಂದು 2014ರಲ್ಲಿ ಪ್ರಮತಿ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು. 2025ರ ಸೆಪ್ಟೆಂಬರ್‌ನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠವೊಂದು ಈ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ, ವಿಷಯವನ್ನು ದೊಡ್ಡ ಪೀಠದ ಪರಿಶೀಲನೆಗಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲು ಸೂಚಿಸಿತು.

30ನೇ ವಿಧಿ ಕೊಟ್ಟ ಹಕ್ಕನ್ನು ಬಿಟ್ಟುಕೊಡಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಭಾಷೆ, ನಮ್ಮ ಆಡಳಿತ ಉಳಿಯಲು ಅದು ಬೇಕೇ ಬೇಕು. ಆದರೆ ಆ ವಿನಾಯಿತಿ ಇದೆಯೆಂದು ಬಡವರ ಮಗುವಿಗೆ ಪ್ರವೇಶ ಪರೀಕ್ಷೆ ಇಡುವುದು, ಡೊನೇಷನ್ ಕೇಳುವುದು ಸರಿಯೇ? ಕಾಯ್ದೆ ನಮ್ಮ ಶಾಲೆಯ ಬಾಗಿಲಲ್ಲಿ ನಿಂತಾಗ ಆ ಮಗುವಿಗೆ ಉತ್ತರ ಹೇಳಬೇಕಾದವರು ನಾವೇ. ಯಾವ ಪೀಠದ ತೀರ್ಪಿಗೂ ಕಾಯದೆ, ಜನನ ಪತ್ರದ ಅಡ್ಡಿ, ಪರೀಕ್ಷೆ, ಡೊನೇಷನ್ ಈ ಮೂರೂ ನಮ್ಮಲ್ಲಿ ಇಲ್ಲವೆಂದು ಸಂಘದ ನಿಯಮಾವಳಿಯಲ್ಲೇ ಬರೆದುಕೊಳ್ಳೋಣ ಎಂದು ಹಿರಿಯರಲ್ಲಿ ನನ್ನ ವಿನಂತಿ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರಾದರೂ ಕಾನೂನು ಓದಿರಿ. ಉಳಿದವರು ಪತ್ರಿಕೆಯಲ್ಲಿ ತೀರ್ಪಿನ ಸುದ್ದಿ ಬಂದಾಗ ತಲೆಬರಹಕ್ಕೇ ನಿಲ್ಲದೆ ಪೂರ್ತಿ ಓದಿ, ಓದುಬಾರದ ನೆರೆಯವರಿಗೂ ತಿಳಿಸಿ ಹೇಳಿರಿ.